ಪಿಜಿ ಥೀಸಿಸ್: ಲೆಕ್ಕಕ್ಕಿಂತ ಮೊದಲು ಅಳತೆ

ಎಂ.ಡಿ., ಎಂ.ಎಸ್. ಓದುವ ವೈದ್ಯರಿಗೆ ಥೀಸಿಸ್ ಕಡ್ಡಾಯ. ಐಸಿಎಂಆರ್‌ನ ಚೆನ್ನೈ ಸಂಸ್ಥೆ ನಡೆಸುವ ಆನ್‌ಲೈನ್ ಸಂಶೋಧನಾ ಕೋರ್ಸನ್ನೂ ಮುಗಿಸಬೇಕು. ಆದರೂ ಬಹುಪಾಲು ಪಿಜಿಗಳು ಡೇಟಾ ಕೈಗೆ ಬಂದ ಮೇಲೆ ಸಂಖ್ಯಾಶಾಸ್ತ್ರದವರನ್ನು ಹುಡುಕುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಗರ್ಭಿಣಿಯರ ರಕ್ತಹೀನತೆಯ ಮೇಲೆ ಥೀಸಿಸ್ ಮಾಡಬೇಕೆಂದುಕೊಳ್ಳಿ. ಕೆಲಸ ಹೀಗೆ ಸಾಗಬೇಕು.

ಪ್ರಶ್ನೆ: ‘ರಕ್ತಹೀನತೆಯ ಅಧ್ಯಯನ’ ಎಂಬುದು ಬರೀ ವಿಷಯ. ‘ಈ ಮೂರು ತಾಲ್ಲೂಕುಗಳ ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇರುವವರು ಶೇಕಡಾ ಎಷ್ಟು?’ ಎಂದರೆ ಪ್ರಶ್ನೆ.

ಎಷ್ಟು ಜನ: ಶೇ 40ರಷ್ಟು ಇರಬಹುದೆಂಬ ಅಂದಾಜು, 5 ಅಂಶ ಆಚೀಚೆಯಾದರೆ ಪರವಾಗಿಲ್ಲ ಎಂದಿಟ್ಟುಕೊಂಡರೆ 4×40×60ನ್ನು 5ರ ವರ್ಗವಾದ 25ರಿಂದ ಭಾಗಿಸಿ. 384 ಬರುತ್ತದೆ.

ಯಾರು: ಅಷ್ಟೂ ಜನರನ್ನು ಗೋಕಾಕದ ಒಂದೇ ಆಸ್ಪತ್ರೆಯ ಒಪಿಡಿಯಲ್ಲಿ ಹಿಡಿದರೆ ಉತ್ತರ ಒಪಿಡಿಗೆ ಬಂದವರದ್ದಷ್ಟೇ. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊಲಕ್ಕೆ ಹೋದವಳು ಲೆಕ್ಕಕ್ಕೆ ಸಿಗುವುದಿಲ್ಲ. ಆಶಾ ಕಾರ್ಯಕರ್ತೆಯರ ಬಳಿಯ ಗರ್ಭಿಣಿಯರ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಬೇಕು.

ಅಳತೆ: ಸರಿಯಾಗಿ ಅಳೆಯುವುದಕ್ಕೆ ಮಾದರಿ ಬೆಳಗಾವಿ ಜಿಲ್ಲೆಯಲ್ಲೇ ಇದೆ. 2002ರಿಂದ 2005ರವರೆಗೆ ಬೆಳಗಾವಿಯ ಜೆಎನ್ಎಂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ಇಲ್ಲಿನ ಹಳ್ಳಿಗಳ 1,620 ಬಾಣಂತಿಯರಲ್ಲಿ, ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ತಡೆಯುತ್ತದೆಯೇ ಎಂದು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಮಾತ್ರೆ ಕೊಟ್ಟವರು ಎಎನ್ಎಂಗಳು. ಹೆರಿಗೆಯ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಕಡಿಮೆಯೇ ಕಾಣುತ್ತದೆ. ಅದಕ್ಕೆ ಬಾಣಂತಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ತುದಿಯ ಗೆರೆ ಹಾಕಿದ ಚೀಲದಲ್ಲಿ ಬಿದ್ದ ರಕ್ತವನ್ನು ಅಳೆದರು. ಪ್ಲಾಸಿಬೊ ಪಡೆದವರಲ್ಲಿ ಶೇ 12ರಷ್ಟಿದ್ದ ಅತಿ ರಕ್ತಸ್ರಾವ, ಮಾತ್ರೆ ನುಂಗಿದವರಲ್ಲಿ ಶೇ 6.4 ಇತ್ತು. ಅಂದರೆ 18 ಜನಕ್ಕೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. 2006ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ನಮ್ಮ ರಕ್ತಹೀನತೆಯ ಥೀಸಿಸ್‌ಗೂ ಇದೇ ನಿಯಮ: ಎಲ್ಲರಿಗೂ ಒಂದೇ ಬಗೆಯ ಅಳತೆ. ಒಂದು ಊರಲ್ಲಿ ಒಂದು ಯಂತ್ರ, ಇನ್ನೊಂದರಲ್ಲಿ ಇನ್ನೊಂದು ಎಂದಾದರೆ ಕಂಡ ವ್ಯತ್ಯಾಸ ತಾಯಂದಿರದ್ದೋ ಯಂತ್ರದ್ದೋ ತಿಳಿಯದು.

ಒಪ್ಪಿಗೆ: ಸಿನಾಪ್ಸಿಸ್‌ಗೆ ಎಥಿಕ್ಸ್ ಕಮಿಟಿಯ ಅನುಮತಿ ಸಿಕ್ಕ ಮೇಲೆಯೇ ಮೊದಲ ಸೂಜಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಹುಕ್ಕೇರಿಯ ಗಡಿ ಹಳ್ಳಿಗಳಿಗೆ ಮರಾಠಿಯದ್ದೂ ಬೇಕಾದೀತು. ಔಷಧ ಕೊಟ್ಟು ನೋಡುವ ಪರೀಕ್ಷೆಯಾದರೆ ಮೊದಲ ವ್ಯಕ್ತಿಯನ್ನು ಸೇರಿಸುವ ಮುನ್ನ ಕ್ಲಿನಿಕಲ್ ಟ್ರಯಲ್‌ಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐನಲ್ಲಿ ನೋಂದಣಿಯೂ ಆಗಬೇಕು.

ಕೊನೆಗೆ, ಪ್ರಶ್ನಾವಳಿಯನ್ನು ಹತ್ತು ತಾಯಂದಿರಿಗೆ ಕೇಳಿ ನೋಡಿ. ಅವರು ಮರುಪ್ರಶ್ನೆ ಹಾಕಿದ ಸಾಲುಗಳನ್ನು ತಿದ್ದಿ, ಆಮೇಲೆ ಪ್ರಿಂಟ್ ಹಾಕಿಸಿ.