ಚಾಲಕನಿಲ್ಲದ ಕಾರಿಗೆ ನಮ್ಮ ಲೋಕಲ್ ಕಲಿಸುವ ಪಾಠ

ಡೊಂಬಿವಲಿಯಿಂದಲೋ ಕಲ್ಯಾಣದಿಂದಲೋ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಮುಂಬಯಿಗೆ ಓಡುವ ಓದುಗ ಮಿತ್ರರೇ, ಸಾವಿರಾರು ಜನರನ್ನು ಹೊತ್ತ ಆ ಗಾಡಿಯ ಮೋಟರ್‌ಮನ್‌ಗೆ ದಾರಿಯಲ್ಲಿ ಒಮ್ಮೆಲೇ ಪ್ರಜ್ಞೆ ತಪ್ಪಿದರೆ ಏನಾದೀತೆಂದು ಎಂದಾದರೂ ಯೋಚಿಸಿದ್ದೀರಾ? ಗಾಡಿ ನಿಲ್ಲುತ್ತದೆ. ಅವರು ಗಾಡಿ ಓಡಿಸುವಾಗ ಹಿಡಿಕೆಯನ್ನು ಒತ್ತಿಯೇ ಇರಬೇಕು. ಕೈ ಸಡಿಲಿದರೆ ಬ್ರೇಕು ತಾನಾಗಿ ಬೀಳುತ್ತದೆ. ಸಿಗ್ನಲ್ ಎಚ್ಚರಿಕೆ ಕೊಟ್ಟಾಗ ಅದನ್ನು ಗಮನಿಸಿದ್ದೇನೆಂದು ಕೆಲವೇ ಸೆಕೆಂಡುಗಳಲ್ಲಿ ಗುಂಡಿ ಒತ್ತಿ ತಿಳಿಸದಿದ್ದರೂ ಅದೇ ಗತಿ. ಹಳಿಯ ವಿದ್ಯುತ್ ಸಂಪರ್ಕ ಕಡಿದುಹೋದರೆ ಸಿಗ್ನಲ್ ಹಸಿರಾಗುವುದಿಲ್ಲ, ಕೆಂಪಾಗುತ್ತದೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಬಂತು. ಅಲ್ಲಿಂದೀಚೆಗೆ ರೈಲ್ವೆಯವರು ಅನೇಕ ಅಪಘಾತಗಳ ಬೆಲೆ ತೆತ್ತು ಕಲಿತ ಸೂತ್ರ ಒಂದೇ: ಸಂಶಯ ಬಂದರೆ ನಿಲ್ಲು. ಕೃತಕ ಬುದ್ಧಿಮತ್ತೆಯಿಂದ ತಾನೇ ಓಡುವ ಕಾರುಗಳ ಸುದ್ದಿ ಕೇಳಿಬರುತ್ತಿರುವ ಈ ಕಾಲದಲ್ಲಿ ಈ ಹಳೆಯ ಸೂತ್ರವನ್ನು ನಾವು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಚಾಲಕನಿಲ್ಲದ ಗಾಡಿ ನಮ್ಮ ದೇಶಕ್ಕೆ ಹೊಸತೇನಲ್ಲ. ದೆಹಲಿ ಮೆಟ್ರೋದ ಮೆಜೆಂಟಾ ಮಾರ್ಗದಲ್ಲಿ 2020ರ ಡಿಸೆಂಬರ್ 28ರಂದು ಅಂಥ ರೈಲು ಓಡಲಾರಂಭಿಸಿತು. ಮುಂಬಯಿಯಲ್ಲಿ 2022ರ ಏಪ್ರಿಲ್‌ನಲ್ಲಿ ತೆರೆದ ಮೆಟ್ರೋ 2ಎ ಮತ್ತು 7ನೇ ಮಾರ್ಗಗಳ ರೈಲುಗಳಿಗೂ ಚಾಲಕನಿಲ್ಲದೆ ಓಡುವ ಸಾಮರ್ಥ್ಯವಿದೆ. ಅವು ನಮ್ಮ ಬೆಂಗಳೂರಿನ ಬಿ.ಇ.ಎಂ.ಎಲ್. ಕಾರ್ಖಾನೆಯ ನಿರ್ಮಾಣ ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಮಾತು. ಆದರೆ ಮೆಟ್ರೋ ಓಡುವುದು ತನ್ನದೇ ಹಳಿಯ ಮೇಲೆ. ಅಲ್ಲಿ ಎದುರಿನಿಂದ ರಿಕ್ಷಾ ಬರುವುದಿಲ್ಲ, ತಳ್ಳುಗಾಡಿ ಅಡ್ಡ ನಿಲ್ಲುವುದಿಲ್ಲ, ಮಗುವಿನ ಕೈ ಹಿಡಿದ ತಾಯಿ ನಡುವೆ ದಾಟುವುದಿಲ್ಲ.

ರಸ್ತೆಯ ಕಥೆಯೇ ಬೇರೆ. ಚಾಲಕರಹಿತ ಕಾರು ಕ್ಯಾಮೆರಾ, ರಾಡಾರ್ ಮತ್ತು ಲೇಸರ್ ಕಿರಣದ ಸಾಧನಗಳಿಂದ ಸುತ್ತಲಿನದನ್ನು ನೋಡುತ್ತದೆ. ನೋಡಿದ್ದು ಏನೆಂದು ಗುರುತಿಸುವುದನ್ನು ಅದು ಸಾವಿರಾರು ಚಿತ್ರಗಳಿಂದ ಕಲಿತಿರುತ್ತದೆ. ತೋರಿಸಿದ್ದನ್ನು ಕಲಿತೀತು, ತೋರಿಸದೆ ಇದ್ದದ್ದರ ಮುಂದೆ ತಡವರಿಸೀತು. ಈ ಕಲಿಕೆಗೆ ಬಹಳ ಬಳಕೆಯಾದ ಒಂದು ಚಿತ್ರಸಂಗ್ರಹ ಜರ್ಮನಿ ಮತ್ತು ಅದರ ನೆರೆಯ 50 ನಗರಗಳದ್ದು. ಅಲ್ಲಿನ ಬೀದಿಯಲ್ಲಿ ಆಟೋರಿಕ್ಷಾ ಎಲ್ಲಿಂದ ಬರಬೇಕು? ಈ ಕೊರತೆಯನ್ನು ಕಂಡೇ ಹೈದರಾಬಾದಿನ ಐ.ಐ.ಐ.ಟಿ. ಸಂಸ್ಥೆಯವರು ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳಲ್ಲಿ ಓಡಾಡಿ ತೆಗೆದ ಸುಮಾರು 10,000 ಚಿತ್ರಗಳ ಸಂಗ್ರಹವನ್ನು 2018ರಲ್ಲಿ ಸಿದ್ಧಪಡಿಸಿದರು. ಅದರಲ್ಲಿ ಆಟೋರಿಕ್ಷಾಕ್ಕೂ ಪ್ರಾಣಿಗಳಿಗೂ ಪ್ರತ್ಯೇಕ ಸ್ಥಾನವಿದೆ. ರಸ್ತೆಯ ಅಂಚಿನ ಮಣ್ಣುದಾರಿಯನ್ನೂ ಅವರು ಬಿಟ್ಟಿಲ್ಲ.

ಗುರುತಿಸಲಾಗದ ವಸ್ತು ಎದುರಾದಾಗ ಯಂತ್ರ ಏನು ಮಾಡುತ್ತದೆ? 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಝೋನಾ ರಾಜ್ಯದ ಟೆಂಪೆ ಎಂಬ ಊರಿನಲ್ಲಿ 49 ವರ್ಷದ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಊಬರ್ ಕಂಪೆನಿ ಪರೀಕ್ಷೆಗಾಗಿ ಓಡಿಸುತ್ತಿದ್ದ ಸ್ವಯಂಚಾಲಿತ ಕಾರು ಅವರಿಗೆ ಬಡಿದು ಅವರು ತೀರಿಕೊಂಡರು. ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಹೊರಬಂದ ಸಂಗತಿ ಕೇಳಿ. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಯಂತ್ರ ಅವರನ್ನು ಕಂಡಿತ್ತು. ಆದರೆ ಒಮ್ಮೆ ವಾಹನವೆಂದು, ಒಮ್ಮೆ ಬೇರೇನೋ ಎಂದು, ಒಮ್ಮೆ ಸೈಕಲ್ ಎಂದು ಅದರ ತೀರ್ಮಾನ ಬದಲಾಗುತ್ತಲೇ ಇತ್ತು. ಬದಲಾದಾಗಲೆಲ್ಲ, ಅವರು ಯಾವ ಕಡೆಗೆ ಚಲಿಸುತ್ತಿದ್ದಾರೆ ಎಂಬ ಹಿಂದಿನ ಲೆಕ್ಕವನ್ನು ಬಿಟ್ಟು ಅದು ಹೊಸದಾಗಿ ಆರಂಭಿಸುತ್ತಿತ್ತು. ಜೀಬ್ರಾ ಪಟ್ಟೆಯಿಲ್ಲದಲ್ಲಿ ಜನ ದಾಟಬಹುದೆಂಬ ಕಲ್ಪನೆಯೇ ಅದಕ್ಕಿರಲಿಲ್ಲ. ಕಾರಿನಲ್ಲೇ ಇದ್ದ ತುರ್ತು ಬ್ರೇಕಿನ ವ್ಯವಸ್ಥೆಯನ್ನು ಗಣಕಯಂತ್ರ ಓಡಿಸುವಾಗ ಕೆಲಸ ಮಾಡದಂತೆ ಇರಿಸಲಾಗಿತ್ತು. ಮೇಲ್ವಿಚಾರಣೆಗೆ ಕುಳಿತವರ ಕಣ್ಣು ಮೊಬೈಲಿನ ಮೇಲಿತ್ತು.

ಈಗ ಸಂಜೆ ಏಳರ ಹೊತ್ತಿಗೆ ಡೊಂಬಿವಲಿ ಸ್ಟೇಶನ್ನಿನ ಹೊರಗಿನ ರಸ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಮ್ಮಲ್ಲಿ ಜೀಬ್ರಾ ಪಟ್ಟೆ ಹುಡುಕಿಕೊಂಡು ದಾಟುವವರು ಯಾರು?

ನಿಲ್ಲುವುದಕ್ಕೂ ವಿವೇಕ ಬೇಕು. 2023ರ ಅಕ್ಟೋಬರ್ 2ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರು ಬಡಿದು ಎಸೆದ ಪಾದಚಾರಿ ಕ್ರೂಸ್ ಕಂಪೆನಿಯ ಚಾಲಕರಹಿತ ಟ್ಯಾಕ್ಸಿಯ ಮುಂದೆ ಬಿದ್ದರು. ಟ್ಯಾಕ್ಸಿ ಬಡಿದು ನಿಂತಿತು. ಆಮೇಲೆ ರಸ್ತೆಯ ಬದಿಗೆ ಸರಿಯಬೇಕೆಂಬ ತನ್ನ ನಿಯಮದಂತೆ, ಅಡಿಯಲ್ಲಿ ಸಿಲುಕಿದ ವ್ಯಕ್ತಿಯನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾ ಸರಕಾರ ಕಂಪೆನಿಯ ಪರವಾನಗಿಯನ್ನು ಅಮಾನತುಗೊಳಿಸಿತು.

ಹಾಗಾದರೆ ಈ ತಂತ್ರಜ್ಞಾನವೇ ಬೇಡವೇ? ಹಾಗೆಂದು ತಳ್ಳಿಹಾಕುವಂತಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಮನುಷ್ಯ ನಿದ್ದೆಗೆಡುತ್ತಾನೆ, ಕುಡಿಯುತ್ತಾನೆ, ಆತುರಪಡುತ್ತಾನೆ. ಯಂತ್ರಕ್ಕೆ ಇವು ಯಾವುದೂ ಇಲ್ಲ. ಆದರೆ ಅದು ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಗೆರೆ ಎಳೆದ, ಅಗಲವಾದ ನವಿಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಪಾಸಾದ ಯಂತ್ರ, ಮಳೆಗಾಲದಲ್ಲಿ ಹೊಂಡಬಿದ್ದ ಕಲ್ಯಾಣ್-ಶೀಳ್ ರಸ್ತೆಯಲ್ಲೂ ಪಾಸಾಯಿತೆಂದು ಭಾವಿಸಲಾಗದು. ಎಲ್ಲಿ, ಯಾವ ಹವೆಯಲ್ಲಿ, ಯಾವ ವೇಗದಲ್ಲಿ ಅದು ಓಡಬಲ್ಲದು ಎಂಬುದನ್ನು ಮೊದಲೇ ಬರೆದಿಡಬೇಕು. ಆ ಮಿತಿ ದಾಟಿದರೆ ಸುರಕ್ಷಿತವಾಗಿ ನಿಲ್ಲುವುದನ್ನು ಅದಕ್ಕೆ ಕಲಿಸಿರಬೇಕು. ಪರೀಕ್ಷೆ ಮಾಡುವವರು ತಯಾರಕರಲ್ಲದೆ ಬೇರೆಯವರಾಗಿರಬೇಕು.

ನಮ್ಮ ಕಾನೂನು ಇನ್ನೂ ಸ್ಟಿಯರಿಂಗ್ ಹಿಡಿದ ಮನುಷ್ಯನನ್ನೇ ಚಾಲಕನೆಂದು ನಂಬಿಕೊಂಡಿದೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಮಾಡಿದ ತಿದ್ದುಪಡಿಯಲ್ಲಿ ಹೊಸ ಸಂಶೋಧನೆಯ ವಾಹನಗಳಿಗೆ ವಿನಾಯಿತಿ ಕೊಡುವ ಅವಕಾಶವನ್ನೇನೋ ಸೇರಿಸಲಾಗಿದೆ. ಚಾಲಕರ ಉದ್ಯೋಗ ಹೋಗುತ್ತದೆಂಬ ಕಾರಣಕ್ಕೆ ಇಂಥ ಕಾರುಗಳನ್ನು ದೇಶಕ್ಕೆ ಬರಗೊಡುವುದಿಲ್ಲವೆಂದು ಸಚಿವ ನಿತಿನ್ ಗಡ್ಕರಿ 2023ರಲ್ಲೂ ಹೇಳಿದ್ದರು.

ಪೂರ್ಣ ಚಾಲಕರಹಿತ ಕಾರು ಬರಲಿ, ಬಿಡಲಿ, ಅದರ ತಮ್ಮನೊಬ್ಬ ಈಗಾಗಲೇ ನಮ್ಮ ಸೊಸೈಟಿಗಳ ಪಾರ್ಕಿಂಗಿಗೆ ಬಂದು ನಿಂತಿದ್ದಾನೆ. ಎಡಾಸ್ ಎಂಬ ಹೆಸರಿನಲ್ಲಿ ಹೊಸ ಕಾರುಗಳಲ್ಲಿ ಬರುವ ಸೌಲಭ್ಯವಿದು. ಅಡ್ಡ ಏನಾದರೂ ಬಂದರೆ ತಾನೇ ಬ್ರೇಕ್ ಹಾಕುತ್ತದೆ, ಗೆರೆ ಬಿಟ್ಟು ಸರಿದರೆ ಸ್ಟಿಯರಿಂಗನ್ನು ಎಳೆಯುತ್ತದೆ, ಮುಂದಿನ ವಾಹನದ ವೇಗಕ್ಕೆ ಹೊಂದಿಕೊಳ್ಳುತ್ತದೆ. ನಿಮ್ಮ ಮಗನೋ ಅಳಿಯನೋ ಇಂಥ ಕಾರು ಕೊಂಡಿದ್ದರೆ ಈ ಮಾತುಗಳನ್ನು ಅವರ ಕಿವಿಗೆ ಹಾಕಿ. ಇದು ಸಹಾಯಕ, ಚಾಲಕನಲ್ಲ. ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ ಇರಲೇಬೇಕು. ಗೆರೆ ಅಳಿಸಿದ ರಸ್ತೆಯಲ್ಲಿ ಗೆರೆ ಹಿಡಿದು ಓಡಿಸುವ ಸೌಲಭ್ಯವನ್ನು ನಂಬಬೇಡಿ. ಘೋಡ್‌ಬಂದರ್ ರಸ್ತೆಯಲ್ಲಿ ಹಿಂದೆಯೇ ಅಂಟಿಕೊಂಡು ಟ್ರಕ್ ಬರುತ್ತಿದ್ದರೆ, ಕಾರು ತಾನಾಗಿ ಹಾಕುವ ಬ್ರೇಕೂ ಅಪಾಯ ತಂದೀತು. ಕ್ಯಾಮೆರಾ, ರಾಡಾರುಗಳ ಮೇಲಿನ ಕೆಸರನ್ನು ಒರೆಸಿ. ಮುಂದಿನ ಗಾಜು ಬದಲಾಯಿಸಿದರೆ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಿಕೊಳ್ಳದೆ ಬರಬೇಡಿ. ಕೊಳ್ಳುವಾಗ ಅಂಗಡಿಯವರನ್ನು, ಇದು ಏನು ಮಾಡುತ್ತದೆ ಎಂದು ಕೇಳಿದಂತೆಯೇ ಯಾವಾಗ ಕೆಲಸ ಮಾಡುವುದಿಲ್ಲ ಎಂದೂ ಕೇಳಿ.

ಯಂತ್ರ ಎಷ್ಟು ಜಾಣ ಎಂಬುದನ್ನು ಜಾಹೀರಾತು ಹೇಳುತ್ತದೆ. ತನಗೆ ತಿಳಿಯದಾಗ ಅದು ಏನು ಮಾಡುತ್ತದೆ ಎಂಬುದನ್ನು ಕೊಳ್ಳುವ ನಾವೂ ಪರವಾನಗಿ ಕೊಡುವ ಸರಕಾರವೂ ಕೇಳಿ ತಿಳಿದುಕೊಳ್ಳಬೇಕು. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವ ತನಕ ರಸ್ತೆ ದಾಟುವವರ ಪ್ರಾಣ ಸ್ಟಿಯರಿಂಗ್ ಹಿಡಿದವರ ಎಚ್ಚರದಲ್ಲೇ ಇರುತ್ತದೆ.