ಗೇಮ್ ತೆರೆದಾಗಲೆಲ್ಲ ಅನುಮತಿ ಯಾಕೆ?

ಗೇಮ್ ಐಕಾನ್ ಒತ್ತಿದ ಕೂಡಲೇ ಪರದೆ ಮಬ್ಬಾಗಿ,
‘ಯೆಸ್’ ಅಥವಾ ‘ನೋ’ ಅಂತ ಕೇಳೋದು ಯಾಕೆ?

ದಾವಣಗೆರೆಯ ಹಾಸ್ಟೆಲ್ ರೂಮಿರಲಿ, ಹರಿಹರದ ಮನೆಯಿರಲಿ,
ವಿಂಡೋಸ್ ಹೀಗೇ ಕೇಳುತ್ತೆ.
2007ರಲ್ಲಿ ವಿಂಡೋಸ್ ವಿಸ್ತಾ ಜತೆ ಬಂದ ಕಾವಲು ಇದು.

ಬಾಡಿಗೆ ಮನೆಯಲ್ಲಿ ಅಡುಗೆ ಮಾಡೋಕೆ ಯಾರನ್ನೂ ಕೇಳಬೇಕಿಲ್ಲ.
ಗೋಡೆ ಒಡೆಯೋಕೆ?
ಮಾಲೀಕರ ಒಪ್ಪಿಗೆ ಬೇಕೇ ಬೇಕು.
ಸಿಸ್ಟಂ ಫೋಲ್ಡರ್‌ಗಳೇ ಆ ಗೋಡೆ, ಅದನ್ನು ಮುಟ್ಟೋಕೆ ಗೇಮ್‌ಗೂ ನಿಮ್ಮ ಒಪ್ಪಿಗೆ ಬೇಕು.

ಪ್ರತಿಸಲ ಕೇಳೋದು ತಪ್ಪಬೇಕಾ? ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ.
ಪ್ರಾಪರ್ಟೀಸ್, ಆಮೇಲೆ ಕಂಪ್ಯಾಟಿಬಿಲಿಟಿ.
ಅಲ್ಲಿ ‘ಅಡ್ಮಿನಿಸ್ಟ್ರೇಟರ್’ ಸಾಲಿಗೆ ಟಿಕ್ ಇದ್ದರೆ, ತೆಗೀರಿ.
ಎಷ್ಟೋ ಗೇಮ್‌ಗಳಿಗೆ ಅದು ಬೇಕೇ ಇಲ್ಲ.

ಆಮೇಲೂ ಕೇಳಿದರೆ, ಆ ಅನುಮತಿ ಗೇಮ್ ಮಾಡಿದವರೇ ಬಯಸಿದ್ದಿರಬಹುದು.
ಆಗ ಅನುಮತಿ ಕೇಳೋ ಕಿಟಕಿಯಲ್ಲಿ ‘ಪಬ್ಲಿಷರ್’ ಹೆಸರು ಓದಿ.

‘ಅನ್‌ನೋನ್’ ಅಂತಿದೆಯಾ?
ಗೇಮ್ ಯಾರದೋ ಪೆನ್‌ಡ್ರೈವ್‌ನಿಂದ ಬಂದದ್ದಾ?
‘ನೋ’ ಒತ್ತಿ.
ಕಾವಲನ್ನೇ ಆಫ್ ಮಾಡು ಅನ್ನೋ ಸಲಹೆಯನ್ನಂತೂ ಕೇಳಲೇಬೇಡಿ.