ಎಣ್ಣೆಯ ಡಬ್ಬಿಯ ಮೇಲಿನ ಒಂದು ಪದ

ಮದುವೆ, ಮನೆಗಳ ತರುವಾಯ ಮಧ್ಯಮವರ್ಗದ ಗೃಹಸ್ಥನು ದೊಡ್ಡ ಮೊತ್ತವನ್ನು ತೆರುವುದು ಕಾರಿಗೆ. ಕೊಂಡ ಕಾರು ಹತ್ತು ಹನ್ನೆರಡು ವರ್ಷವಾದರೂ ಬಾಳಲೆಂಬುದು ಅವನ ಆಸೆ. ಆದುದರಿಂದಲೇ, "ಸಿಂಥೆಟಿಕ್ ಹಾಕೋಣವೇ ಸಾರ್, ಸಾದಾ ಆಯಿಲ್ ಸಾಕೇ?" ಎಂದು ಮೆಕ್ಯಾನಿಕ್ ಕೇಳಿದೊಡನೆ ಅವನು ತಬ್ಬಿಬ್ಬಾಗುತ್ತಾನೆ. ಸಾದಾ ಎಂದರೆ ಎಂಜಿನ್ನಿಗೆ ದ್ರೋಹ ಬಗೆದಂತೆ. ಸಿಂಥೆಟಿಕ್ ಎಂದರೆ ಬಿಲ್ಲು ಏರುತ್ತದೆ.

ಲೋಹವು ಲೋಹಕ್ಕೆ ತಗಲದಂತೆ ತೆಳುಪೊರೆಯಾಗಿ ನಿಲ್ಲುವುದು, ಕಾವನ್ನು ಹೊತ್ತೊಯ್ಯುವುದು, ಮಸಿಯನ್ನು ತೊಳೆಯುವುದು, ಇವು ಎಣ್ಣೆಯ ಕೆಲಸಗಳು. ಸಾದಾ ಎಣ್ಣೆಯೆಂದರೆ ನೆಲದಿಂದ ತೆಗೆದ ಕಚ್ಚಾತೈಲವನ್ನು ಬಟ್ಟಿಯಿಳಿಸಿ ಶುದ್ಧಗೊಳಿಸಿದುದು. ಅದರ ಅಣುಗಳು ಸಂತೆಯಲ್ಲಿ ನೆರೆದ ಜನರಂತೆ, ಒಂದರಂತೆ ಒಂದಿಲ್ಲ. ಹಗುರವಾದವು ಕಾವಿಗೆ ಆವಿಯಾಗುತ್ತವೆ. ಮೇಣದ ಜಾತಿಯವು ಚಳಿಗೆ ಹೆಪ್ಪುಗಟ್ಟುತ್ತವೆ. ಸಿಂಥೆಟಿಕ್ ಎಣ್ಣೆಯನ್ನಾದರೋ ಸಣ್ಣ ಅಣುಗಳನ್ನು ಒಂದಕ್ಕೊಂದು ಬೆಸೆದು ಹೆಚ್ಚುಕಡಿಮೆ ಒಂದೇ ಅಳತೆಗೆ ಕಟ್ಟುತ್ತಾರೆ. ಗ್ರೀಕ್ ಮೂಲದಲ್ಲಿಯೂ ಆ ಪದಕ್ಕೆ 'ಕೂಡಿಸಿ ಇಡುವುದು' ಎಂದೇ ಅರ್ಥ. ನಾವು 'ಸಂಶ್ಲೇಷಿತ' ಎನ್ನುತ್ತೇವೆ. ಆ ಸಂಸ್ಕೃತ ಪದದಲ್ಲಿ ಆಲಿಂಗನದ ಛಾಯೆಯೂ ಇದೆ!

ಆದರೆ ವ್ಯಾಪಾರವು ವ್ಯುತ್ಪತ್ತಿಗೆ ಕಟ್ಟುಬೀಳುವುದಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಕಂಪೆನಿಯು ತನ್ನ 'ಸಿಂಟೆಕ್' ಎಣ್ಣೆಯ ಮೂಲದ್ರವ್ಯವನ್ನು ಬದಲಿಸಿತು. ಹಾಗೆ ಕಟ್ಟಿದ ದ್ರವ್ಯಕ್ಕೆ ಬದಲಾಗಿ, ಕಚ್ಚಾತೈಲವನ್ನೇ ಜಲಜನಕದೊಡನೆ ತೀವ್ರವಾಗಿ ಸಂಸ್ಕರಿಸಿ ಬಳಸಿತು. ಡಬ್ಬಿಯ ಮೇಲಿನ ಪದ ಮಾತ್ರ ಹಾಗೆಯೇ ಉಳಿಯಿತು. ಪ್ರತಿಸ್ಪರ್ಧಿಯಾದ ಮೊಬಿಲ್ ಕಂಪೆನಿಯು ಜಾಹೀರಾತುಗಳ ವಿಚಾರಣಾ ಮಂಡಲಿಗೆ ದೂರಿತ್ತಿತು. 1999ರಲ್ಲಿ ಮಂಡಲಿಯು ಕ್ಯಾಸ್ಟ್ರಾಲ್ ಪರವಾಗಿ ತೀರ್ಪಿತ್ತಿತು. ಇಂದು ನಾವು ಕೊಳ್ಳುವ ಎಷ್ಟೋ ಸಿಂಥೆಟಿಕ್ ಡಬ್ಬಿಗಳಲ್ಲಿರುವುದು ಈ ಬಗೆಯ ಎಣ್ಣೆಯೇ. ಭಾಷೆಯ ಮೇಷ್ಟರಿಗೆ ಇದು ಹಿಡಿಸದ ಮಾತಾದರೂ ಆ ಎಣ್ಣೆ ಕಳಪೆಯಲ್ಲ. ಗುಣದಲ್ಲಿ ಕಟ್ಟಿದ ಎಣ್ಣೆಗೆ ಬಹುಮಟ್ಟಿಗೆ ಸಮೀಪವಾದುದು.

ಹಾಗಾದರೆ ಹೆಚ್ಚಿನ ಹಣಕ್ಕೆ ಹೆಚ್ಚಿನ ಫಲವುಂಟೇ? ಉಂಟು. 2017ರಲ್ಲಿ ಅಮೆರಿಕದ ಮೋಟಾರು ಸಂಘವಾದ 'ಎ. ಎ. ಎ.' ನಡೆಸಿದ ಪರೀಕ್ಷೆಗಳಲ್ಲಿ ಸಿಂಥೆಟಿಕ್ ಎಣ್ಣೆಯು ಸರಾಸರಿ ಶೇಕಡಾ 47ರಷ್ಟು ಮೇಲೆನಿಸಿತು. ಆದರೆ ಆ ಫಲ ಎಲ್ಲರಿಗೂ ಒಂದೇ ಸಮನಾಗಿ ದಕ್ಕುವುದಿಲ್ಲ. ಅದರ ಹೆಗ್ಗಳಿಕೆಗಳಲ್ಲೊಂದು ಕೊರೆಯುವ ಚಳಿಯಲ್ಲಿಯೂ ಸರಾಗವಾಗಿ ಹರಿಯುವುದು. '20ಡಬ್ಲ್ಯು-40' ಎಂಬ ದಪ್ಪನೆಯ ಎಣ್ಣೆಯ ಚಳಿಪರೀಕ್ಷೆಯೂ ಸೊನ್ನೆಗಿಂತ 15 ಡಿಗ್ರಿ ಕೆಳಗೆ ನಡೆಯುತ್ತದೆ. ಬೆಂಗಳೂರಿನ ದಾಖಲೆಯ ಚಳಿಯೋ, 1884ರ ಜನವರಿಯಲ್ಲಿ ಬಂದ 7.8 ಡಿಗ್ರಿ! ನಮ್ಮಲ್ಲಿ ಸಿಂಥೆಟಿಕ್ ಬೆಲೆಬಾಳುವುದು ಚಳಿಗಿಂತ ಕಾವಿಗೆ. ಟರ್ಬೊ ಜೋಡಿಸಿದ ಎಂಜಿನ್ನಿನಲ್ಲಿ ಪುಟ್ಟ ಚಕ್ರವೊಂದು ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಆ ಬೇಗೆಯಲ್ಲಿ ದುರ್ಬಲವಾದ ಎಣ್ಣೆ ಸುಟ್ಟು ಕರಿಕಾಗುವುದು.

ಆದುದರಿಂದ ಮೆಕ್ಯಾನಿಕ್ಕಿಗಿಂತ ಮೊದಲು ಕಾರಿನ ಕೈಪಿಡಿಯನ್ನು ಕೇಳಬೇಕು. ಕೊಂಡ ದಿನ ಪೂಜೆಯ ಕುಂಕುಮದೊಡನೆ ಮುಂದಿನ ಗೂಡನ್ನು ಸೇರಿದ ಆ ಪುಸ್ತಕ ಅಲ್ಲಿಯೇ ಮಲಗಿರುತ್ತದೆ. ಅದರಲ್ಲಿ '0ಡಬ್ಲ್ಯು-20'ರಂತಹ ತೆಳುವಾದ ಎಣ್ಣೆಯನ್ನು ವಿಧಿಸಿದ್ದರೆ ಚರ್ಚೆಗೆ ಎಡೆಯೇ ಇಲ್ಲ. ಅಂತಹ ತೆಳುವು ಸಾದಾ ಎಣ್ಣೆಯಿಂದ ಬರುವುದು ದುರ್ಲಭ. ಹಳೆಯ ಕಾರಿಗೆ ಕೈಪಿಡಿಯೇ ಸಾದಾ ಎಣ್ಣೆ ಸಾಕೆಂದರೆ, ನಿಸ್ಸಂಕೋಚವಾಗಿ ಅದನ್ನೇ ಹಾಕಿಸಿ, ಉಳಿದ ಹಣದಲ್ಲಿ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವುದು ಮೇಲು. ಎರಡೂ ಬೆರೆತರೆ ಎಂಜಿನ್ ಕೆಡುತ್ತದೆಂಬ ಭಯ ಬೇಡ. ದುಬಾರಿ ಎಣ್ಣೆಯ ಗುಣ ತೆಳುವಾಗುತ್ತದೆ, ಅಷ್ಟೇ.

ಒಂದು ಮಾತು ಗೃಹಿಣಿಯರಿಗೂ ಸಲ್ಲುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ತರಕಾರಿ ತರುವಷ್ಟೇ ಓಡುವ ಕಾರಿನ ಎಣ್ಣೆ ಚೆನ್ನಾಗಿ ಕಾಯುವುದೇ ಇಲ್ಲ. ಎಂಜಿನ್ನಿನೊಳಗೆ ಹನಿಗಟ್ಟಿದ ನೀರೂ ಪೆಟ್ರೋಲೂ ಆವಿಯಾಗಿ ಹೋಗದೆ ಎಣ್ಣೆಯಲ್ಲಿ ಸೇರುತ್ತವೆ. "ಮೂರು ಸಾವಿರ ಕಿಲೋಮೀಟರೂ ಓಡಿಲ್ಲ" ಎಂದು ವರ್ಷ ಕಳೆದರೂ ಸುಮ್ಮನಿರುವುದು ಸಲ್ಲದು. ಎಣ್ಣೆ ಸಿಂಥೆಟಿಕ್ಕಾದರೂ ಸರಿಯೇ.

ಡಬ್ಬಿಯನ್ನು ಕಣ್ಣೆದುರಿಗೇ ಒಡೆಸಿ ಹಾಕಿಸಿಕೊಳ್ಳುವುದು ಕ್ಷೇಮ. ಬರಿದಾದ ಡಬ್ಬಿಗೆ ತೂತು ಮಾಡಿಸಿಯೇ ಅಲ್ಲಿಂದ ಹೊರಡಿ. ಹಳೆಯ ಡಬ್ಬಿಗೆ ಕಲಬೆರಕೆ ಎಣ್ಣೆ ತುಂಬಿ ಮಾರುವವರಿದ್ದಾರೆ.